ಸಾದಾ ಚಾಕೊಲೇಟು

ಆಗ ನಾನು ಒಂದು ಚಾಕೊಲೇಟ್ ಕಂಪನಿಯ ಮಾಲು ಹಿಡಿದು ದಾವಣಗೆರೆ, ಹರಿಹರದ ಅಂಗಡಿಗಳಿಗೆಲ್ಲ ತಿರುಗುತ್ತಿದ್ದೆ. ಹರಿಹರದಲ್ಲಿ ಗೌರಮ್ಮನವರ ಅಂಗಡಿಗೆ ಮೊದಲ ಸಲ ಹೋದಾಗ ಅವರು ಮೊದಲು ಕೇಳಿದ್ದೇ ಇದು.

"ಇದರಾಗ ಶೇಂಗಾ ಐತೇನ್ರಿ?"

"ಇಲ್ರಿ ಅಮ್ಮ, ಇದು ಸಾದಾ. ಶೇಂಗಾದ್ದು ಬ್ಯಾರೆ ಐತೆ."

"ಮಾಡೋದು ನೀವು ನೋಡೀರೇನ್ರಿ?"

ನೋಡಿರಲಿಲ್ಲ. ಅವರ ಆರು ವರ್ಷದ ಮಗಳಿಗೆ ಶೇಂಗಾ ಮೈಗೆ ಆಗುತ್ತಿರಲಿಲ್ಲವಂತೆ. ಹಿಂದಿನ ವರ್ಷ ನೆಂಟರು ತಂದ ಇದೇ ಸಾದಾ ಚಾಕೊಲೇಟು ತಿಂದ ಸ್ವಲ್ಪ ಹೊತ್ತಿಗೆ ಗಂಟಲು ಬಾತು, ದಾವಣಗೆರೆ ಆಸ್ಪತ್ರೆ ಮುಟ್ಟುವ ಮೊದಲೇ ಮಗು ತೀರಿಕೊಂಡಿತ್ತು.

"ಅವತ್ತು ನಾನು ಶೇಂಗಾ ಚಟ್ನಿ ಕುಟ್ಟಿದ್ದೆ. ಕೈ ಸರಿಯಾಗಿ ತೊಳೀಲಿಲ್ಲ ಅಂತ ಎಲ್ಲರೂ ನನ್ನನ್ನೇ ಅಂದ್ರು. ತೊಳ್ದಿದ್ದೆ ಅನಿಸ್ತೈತೆ. ಈಗ ನನಗೂ ಖಾತ್ರಿ ಇಲ್ರಿ" ಅಂದರು.

ಕಂಪನಿಗೆ ಬರೆದು ಕೇಳಿದೆ. ತಿಂಗಳಾದ ಮೇಲೆ ಇಂಗ್ಲಿಷಿನಲ್ಲಿ ಉತ್ತರ ಬಂತು. ಎರಡೂ ಬಗೆಯ ಚಾಕೊಲೇಟು ಒಂದೇ ಯಂತ್ರದಲ್ಲಿ ತಯಾರಾಗುತ್ತವೆ, ಸಾದಾದಲ್ಲೂ ಶೇಂಗಾದ ಪುಡಿ ಸೇರಿರಬಹುದು ಎಂದಿತ್ತು. ಗೌರಮ್ಮನವರ ಮುಂದೆ ಕೂತು ಅದನ್ನು ಕನ್ನಡದಲ್ಲಿ ಹೇಳಿದೆ. ಅವರು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಎರಡೂ ಅಂಗೈ ಬಿಚ್ಚಿ ನೋಡುತ್ತಾ ಕೂತರು.

"ಹಂಗಾರ ಈ ಕೈ ಅಲ್ಲೇನ್ರಿ?"

"ಅಲ್ಲ ಅನಿಸ್ತೈತೆ ಅಮ್ಮ" ಅಂದೆ. ಆಗ ಅವರಿಗೆ ಅಳು ಒತ್ತರಿಸಿಕೊಂಡು ಬಂತು.

ಈ ಸಂಗತಿ ಅಂಗಡಿಯವರ ಕಿವಿಗೆ ಬೀಳಬಾರದು ಎಂದು ಕಂಪನಿಯವರು ಕಾಗದದ ಕೊನೆಯಲ್ಲಿ ಬರೆದಿದ್ದರು. ಆ ಸಾಲನ್ನೂ ಬಿಡದೆ ಗೌರಮ್ಮನವರಿಗೆ ಓದಿ ಹೇಳಿಯೇ ಎದ್ದುಬಂದೆ.