ಚೀಲ ಮುಚ್ಚಿದ ಗಿಡ

ಶಾಲೆಯಲ್ಲಿ ಎಲ್ಲರಿಗೂ ಅವಳು ಲ್ಯಾಬಕ್ಕ. ಹದಿನೇಳು ವರ್ಷದಿಂದ ಪ್ರಯೋಗಾಲಯದ ಗಾಜಿನ ಸಾಮಾನು ತೊಳೆದಿಟ್ಟು, ಟೀಚರು ಕೇಳುವ ಮೊದಲೇ ಬೇಕಾದ್ದನ್ನು ಮೇಜಿನ ಮೇಲೆ ಜೋಡಿಸುವವಳು. ಓದಿದ್ದು ಏಳನೇ ಕ್ಲಾಸು. ಆದರೆ ಬಾಗಿಲ ಬಳಿ ನಿಂತೇ ಪಾಠಗಳನ್ನೆಲ್ಲ ಅರೆದು ಕುಡಿದಿದ್ದಳು. ಈ ವರ್ಷ ಮಗಳೂ ಅದೇ ಶಾಲೆಗೆ ಸೇರಿದ್ದಳು. ಮೊದಲ ದಿನವೇ ಕಟ್ಟಪ್ಪಣೆ ಹೊರಡಿಸಿದ್ದಳು: "ಅಲ್ಲಿ ನನ್ನನ್ನ ಮಾತಾಡಿಸ್ಬೇಡಮ್ಮ. ನೀನು ನನ್ನಮ್ಮ ಅಂತ ನನ್ನ ಫ್ರೆಂಡ್ಸಿಗೆ ಗೊತ್ತಿಲ್ಲ." ಲ್ಯಾಬಕ್ಕ ಹೂಂ ಅಂದಳು. ಹೂಂ ಅನ್ನುವುದೇನು ಮಹಾ; ಅವತ್ತಿನಿಂದ ಮಗಳು ಎದುರಾದರೆ ಗೋಡೆ ನೋಡುತ್ತ ದಾಟಬೇಕು.

ಇಂದು ಮಗಳ ಕ್ಲಾಸಿಗೆ, ಗಿಡ ನೀರು ಕುಡಿಯುವ ಪಾಠ. ಲ್ಯಾಬಕ್ಕ ಬೆಳಿಗ್ಗೆಯೇ ಕರ್ಣಕುಂಡಲ ಗಿಡದ ಕಾಂಡವನ್ನು ಗಾಳಿ ಹೊಗದಂತೆ ನೀರಿನೊಳಗೇ ಕತ್ತರಿಸಿ, ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ನಿಲ್ಲಿಸಿದಳು. ಮಗಳ ಕ್ಲಾಸಲ್ಲವೇ, ಎಲೆ ಬಾಡದಿರಲಿ ಎಂದು ಮೇಲೊಂದು ಪ್ಲಾಸ್ಟಿಕ್ ಚೀಲ ಮುಚ್ಚಿ ಬಿಗಿಯಾಗಿ ಕಟ್ಟಿದಳು.

ಊಟದ ಬಿಡುವಿನಲ್ಲಿ ನೋಡಿದರೆ ಕೆಂಪು ಬುಡ ಬಿಟ್ಟು ಏರಿಯೇ ಇಲ್ಲ! ವಿಜ್ಞಾನದ ಟೀಚರು ಗಡಿಯಾರ ನೋಡಿ, ಬಣ್ಣದ ಕುಂಚವನ್ನು ಅವಳ ಕೈಗಿತ್ತರು.

"ಎಲೆಯ ನರದ ಮೇಲೆ ಸ್ವಲ್ಪ ಕೆಂಪು ಎಳೆದುಬಿಡಿ ಲ್ಯಾಬಕ್ಕ. ಮಕ್ಕಳಿಗೇನ್ ಗೊತ್ತಾಗುತ್ತೆ?"

ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿಜ. ಮಗಳೆದುರು ಮುಖಭಂಗವೂ ತಪ್ಪುತ್ತಿತ್ತು. ಆದರೆ ಚೀಲ ಬಿಚ್ಚಿದಾಗ ಅದರ ಒಳಗೆಲ್ಲ ನೀರ ಹನಿ. ಲ್ಯಾಬಕ್ಕ ಹಣೆ ಚಚ್ಚಿಕೊಂಡಳು. ಕುಂಚ ಪಕ್ಕಕ್ಕಿಟ್ಟು, ಗಿಡವನ್ನು ಕಿಟಕಿಯ ಬಿಸಿಲಿಗೆ ಸರಿಸಿ, ಫ್ಯಾನು ಹಾಕಿದಳು.

ಮಕ್ಕಳು ಬಂದು ಕೂತರೂ ಎಲೆ ಹಸಿರಾಗಿಯೇ ಇತ್ತು. ಟೀಚರು ಸಿಡುಕುವ ಮೊದಲೇ ಅವಳು ಮುಂದೆ ಬಂದಳು. ಮೂರನೇ ಬೆಂಚಿನಲ್ಲಿ ಮಗಳು ತಲೆ ತಗ್ಗಿಸಿದ್ದು ಕಾಣಿಸಿತು.

"ತಪ್ಪು ನಂದೇ ಮಕ್ಕಳೇ. ಬಾಡಬಾರ್ದು ಅಂತ ಚೀಲ ಮುಚ್ಚಿದ್ದೆ. ಎಲೆ ಆವಿ ಬಿಡ್ತಾ ಇದ್ರೇನೇ ಕೆಳಗಿನ ನೀರನ್ನ ಮೇಲಕ್ಕೆ ಎಳೆಯೋದು. ಚೀಲದೊಳಗೆ ತೇವ ತುಂಬ್ಕೊಂಡು ಆವಿ ಹೋಗೋಕೆ ಜಾಗ ಇರ್ಲಿಲ್ಲ, ನೀರೂ ಏರ್ಲಿಲ್ಲ. ಈಗ ನೋಡ್ತಾ ಇರಿ."

ನೋಡಿದರು. ಗಂಟೆ ಬಾರಿಸಲು ಐದು ನಿಮಿಷವಿರುವಾಗ ಕೆಳಗಿನ ಎಲೆಯ ನಡುನರದಲ್ಲಿ ಕೂದಲೆಳೆಯಷ್ಟು ಕೆಂಪು ಮೂಡಿತು. ಬೆಂಚುಗಳೆಲ್ಲ ಖಾಲಿ, ಮೇಜಿನ ಸುತ್ತ ತಲೆಗಳೇ ತಲೆಗಳು. ಮಗಳೂ ನುಗ್ಗಿ ಬಂದು, ಮೂಗು ಎಲೆಗೆ ತಾಗುವಂತೆ ಬಗ್ಗಿದಳು.

"ಅಮ್ಮಾ, ಹಾಗಾದ್ರೆ ಮಳೆ ಹಿಡ್ಕೊಂಡಾಗ ಗಿಡ ನೀರೇ ಕುಡಿಯಲ್ವಾ?"

ತಲೆಗಳೆಲ್ಲ ಎಲೆ ಬಿಟ್ಟು ಅವಳತ್ತ ತಿರುಗಿದವು. ಕೇಳಿದವಳಿಗೆ ಮಾತ್ರ ತಾನು ಏನಂದೆ ಎಂಬ ಪರಿವೆಯೇ ಇಲ್ಲ, ಉತ್ತರಕ್ಕೆ ಕಾದಿದ್ದಳು. ಲ್ಯಾಬಕ್ಕ ಎಲೆಯನ್ನು ಅವಳತ್ತ ಬಾಗಿಸಿದಳು.

"ಕಡಿಮೆ ಕುಡಿಯುತ್ತೆ ಕಂದಾ," ಎಂದಳು.