ಹಾಳೆಯ ಎಳೆ ಮತ್ತು ಅಪ್ಪನ ವೈಸ್

ಸಾಗರದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಈಗ ಕಾರಿಲ್ಲ. ಗೋಡೆಗೆ ತಾಗಿಸಿ ಹಾಕಿದ ಉದ್ದನೆಯ ಮರದ ಬೆಂಚಿದೆ. ಅದರ ಮೇಲೆ ನಾನು ಕೂಡಿಹಾಕಿದ ಬೆಂಚ್ ವೈಸ್‌ಗಳಿವೆ. ಕೆಲಸದ ಸಾಮಾನನ್ನು ಎರಡು ಕಬ್ಬಿಣದ ದವಡೆಗಳ ನಡುವೆ ಕಚ್ಚಿ ಹಿಡಿಯುವ ಈ ಸಾಧನಕ್ಕೆ ಕನ್ನಡದ ಹೆಸರೊಂದು ಇದ್ದೀತು, ನಮ್ಮ ಕಡೆ ಯಾರೂ ಬಳಸಿದ್ದು ಕೇಳಿಲ್ಲ. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದ ಹೆಂಗಸಿಗೆ ಇದೆಂಥ ಹುಚ್ಚು ಎಂದು ಅಕ್ಕಪಕ್ಕದವರು ಮೊದಮೊದಲು ಕೇಳುತ್ತಿದ್ದರು. ಈಗ ಹಿಡಿ ಕಳಚಿದ ಕುಕ್ಕರ್ ತಂದು ಕೊಟ್ಟು ಹೋಗುತ್ತಾರೆ.

ವೈಸ್ ಆರಿಸುವಾಗ ನಾನು ಬಣ್ಣಕ್ಕೆ ಮರುಳಾಗುವುದಿಲ್ಲ. ಬಿರುಕಿನ ಮೇಲೂ ಬಣ್ಣ ಚೆನ್ನಾಗಿಯೇ ಕೂರುತ್ತದೆ. ತಿರುಪನ್ನು ಅರ್ಧ ಬಿಚ್ಚಿ ಮುಂದಿನ ದವಡೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸುತ್ತೇನೆ. ಮುದುಕರ ಹಲ್ಲಿನ ಹಾಗೆ ಆಡಿದರೆ ಅದು ಬೇಡ. ಸ್ಪ್ಯಾನರಿನಿಂದ ತಟ್ಟಿ ದನಿ ಕೇಳುತ್ತೇನೆ. ಕೊನೆಗೆ ದವಡೆಗಳನ್ನು ಕೂಡಿಸಿ, ಬಗ್ಗಿ, ನಡುವೆ ಎಲ್ಲಾದರೂ ಬೆಳಕು ನುಸುಳುತ್ತದೆಯೇ ಎಂದು ನೋಡುತ್ತೇನೆ. ಹೀಗೆ ಆರಿಸಿದವುಗಳಲ್ಲಿ ಒಂದು ಹುಲಿಕಲ್ ಘಾಟಿಯ ಮೇಲಿನ ಲಾರಿ ಗ್ಯಾರೇಜಿನದು. ಇನ್ನೊಂದು ಸಿಗಂದೂರಿಗೆ ಹೋಗಿ ಬರುವಾಗ ದಾರಿಯಲ್ಲಿ ಸಿಕ್ಕಿದ್ದು. ಪ್ರಸಾದದ ಚೀಲ ಇಷ್ಟು ಭಾರ ಯಾಕೆ ಎಂದು ಜೊತೆಗೆ ಬಂದ ನಾದಿನಿ ಕೇಳಿದಾಗ, ದೇವಿಯ ಕೃಪೆ ಎಂದಿದ್ದೆ.

ಬೆಂಚಿನ ಮೇಲೆ ಕಿಟಕಿಯ ಪಕ್ಕದ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೆ. ಅದು ಅಪ್ಪನ ವೈಸಿಗೆ.

ಅಪ್ಪನಿಗೆ ಹೊಸನಗರದಲ್ಲಿ ಒಂದು ಪುಟ್ಟ ಅಂಗಡಿಯಿತ್ತು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಹಿತ್ತಾಳೆ ಪಂಪುಗಳನ್ನು ರಿಪೇರಿ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಂಗಡಿಯ ಸಾಮಾನೆಲ್ಲ ಒಟ್ಟಿಗೇ ಮಾರಾಟವಾಯಿತು. ನಾನಾಗ ಓದಲು ಹೊರಗಿದ್ದೆ, ಅಕ್ಕ ಮದುವೆಯಾಗಿ ಮೇಳಿಗೆಯಲ್ಲಿದ್ದಳು. ವೈಸ್ ಇಟ್ಟುಕೊಳ್ಳೋಣ ಎಂದು ಯಾರಿಗೂ ಹೊಳೆಯಲಿಲ್ಲ.

ಅದು ಹೇಗಿತ್ತು? ಹಸಿರು ಎಂದು ನನ್ನ ನೆನಪು. ಆದರೆ ಅಂಗಡಿಯ ಬಾಗಿಲೂ ಹಸಿರು, ಅಪ್ಪ ಕೂರುತ್ತಿದ್ದ ಸ್ಟೂಲೂ ಹಸಿರು. ನೆನಪಿನಲ್ಲಿ ಬಣ್ಣ ಯಾವುದರಿಂದ ಯಾವುದಕ್ಕೆ ಸೋರಿತೋ ಹೇಳಲಾರೆ. ಗಟ್ಟಿಯಾಗಿ ಹೇಳಬಲ್ಲದ್ದು ಒಂದೇ: ಹಿತ್ತಾಳೆಗೆ ಗೀರು ಬೀಳದಂತೆ ಅಡಿಕೆ ಮರದಿಂದ ಉದುರುವ ಹಾಳೆಯನ್ನು ನೆನೆಸಿ, ಮಡಚಿ ದವಡೆಗಳಿಗೆ ಹೊದಿಸುತ್ತಿದ್ದರು. ಪಂಪಿನಲ್ಲಿ ಉಳಿದ ಔಷಧಿಯ, ಅಂದರೆ ಮೈಲುತುತ್ತದ, ನೀರನ್ನು ಹಾಳೆ ಹೀರಿಕೊಳ್ಳುತ್ತಿತ್ತು. ಅದನ್ನು ತೆಗೆಯಲು ಮರೆತರೆ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಹಾಳೆಯ ಎಳೆಗಳು ಹಾಗೇ ದವಡೆಯ ಮೇಲೆ ಅಚ್ಚಾಗುತ್ತವೆ.

ಕಳೆದ ಬೇಸಿಗೆಯಲ್ಲಿ ತೀರ್ಥಹಳ್ಳಿಯ ಗುಜರಿ ಅಂಗಡಿಯಲ್ಲಿ ಅಂಥ ಅಚ್ಚು ಬಿದ್ದ ವೈಸ್ ಸಿಕ್ಕಿತು.

"ಅಮ್ಮ, ಅದು ತುಕ್ಕು ತಿಂದದ್ದು. ಇದ್ ತಗಳಿ, ಹೊಸದಿದ್ದಂಗಿದೆ," ಎಂದ ಅಂಗಡಿಯವ.

"ನಂಗೆ ಅದೇ ಬೇಕು."

"ತುಕ್ಕು ನೋಡಿ ಖುಷಿ ಪಡೋರು ನೀವೊಬ್ರೇ ಬಿಡಿ."

ಬಸ್ಸಿನಲ್ಲಿ ಅದನ್ನು ಕಾಲ ಬಳಿ ಇಟ್ಟುಕೊಂಡು ಕೂತಾಗ ಇದು ಅಪ್ಪನದೇ ಎಂದುಕೊಂಡಿದ್ದೆ. ಸಾಗರ ಹತ್ತಿರವಾಗುವ ಹೊತ್ತಿಗೆ ಅನುಮಾನವೂ ಶುರುವಾಗಿತ್ತು. ಈ ಸೀಮೆಯಲ್ಲಿ ಪಂಪು ರಿಪೇರಿ ಮಾಡಿದವರು ಅಪ್ಪ ಒಬ್ಬರೇ ಅಲ್ಲ. ಒಂದು ಸಂಗತಿ ನಿಜವಾಗಲಿ ಎಂದು ತುಂಬಾ ಬಯಸುವವನ ಸಾಕ್ಷ್ಯವನ್ನು ಎರಡು ಸಲ ತೂಗಿ ಎಂದು ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಹೇಳಿದವಳು ನಾನು. ಇನ್ನುಳಿದ ಸಾಕ್ಷಿ ಅಕ್ಕ ಒಬ್ಬಳೇ. ಅವಳಿಗೆ ಏನನ್ನೂ ಮೊದಲೇ ಹೇಳಿಕೊಡಬಾರದು ಎಂದುಕೊಂಡೆ. ಆ ವೈಸಿನ ದವಡೆಗಳಿಗೆ ಬಟ್ಟೆ ಸುತ್ತಿ ಮುಚ್ಚಿದೆ, ಒಂದು ಹಾಳೆಯನ್ನು ಬಕೆಟ್ಟಿನಲ್ಲಿ ನೆನೆಸಿಟ್ಟೆ, ಅವಳಿಗೆ ಫೋನು ಮಾಡಿದೆ.

ಅಕ್ಕ ಬಂದವಳೇ ಶೆಡ್ಡಿನ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಎಂತ ಮಾರಾಯ್ತಿ ಇದು? ಗುಜರಿ ಅಂಗಡಿ ಇಟ್ಯಾ?"

"ಅಪ್ಪ ವೈಸಿಗೆ ಹಾಳೆ ಹೆಂಗೆ ಹಾಕ್ತಿದ್ರು, ಇದ್ರ ಮೇಲೆ ತೋರ್ಸೆ," ಎಂದು ಲಾರಿ ಗ್ಯಾರೇಜಿನಿಂದ ತಂದ ವೈಸನ್ನು ಮುಂದೆ ಮಾಡಿದೆ.

"ಅಪ್ಪ ಎಲ್ಲಿ ಹಾಕ್ತಿದ್ರು? ಹಾಕ್ತಿದ್ದಿದ್ದು ನಾನು. ನೀನು ಪುಸ್ತಕ ಹಿಡ್ಕಂಡು ಮೂಲೇಲಿ ಕೂತಿರ್ತಿದ್ದೆ."

ಹಾಳೆ ಮಡಚುವ ಕೈಗಳು ಇಷ್ಟು ವರ್ಷ ನನ್ನ ಕಣ್ಣ ಮುಂದಿದ್ದವು. ಅವು ಅಪ್ಪನವೇ ಆಗಿದ್ದವು. ನನಗೆ ಗಟ್ಟಿ ಎನಿಸಿದ್ದ ಒಂದೇ ಒಂದು ನೆನಪಿನಿಂದ ನಾನು ಅಕ್ಕನನ್ನು ಯಾವಾಗ ಆಚೆ ಕಳಿಸಿದೆನೋ!

ಅವಳು ಸೆರಗು ಸಿಕ್ಕಿಸಿಕೊಂಡು ಹಾಳೆಯನ್ನು ಕತ್ತಿಯಿಂದ ಕೊಯ್ದಳು. ಅಳತೆ ತೆಗೆಯಲಿಲ್ಲ. ಎಳೆಗಳು ಮೇಲಿಂದ ಕೆಳಕ್ಕೆ ಬರುವ ಹಾಗೆ ಇಟ್ಟು, ದವಡೆಯ ಅಂಚಿನಲ್ಲಿ ಹೆಬ್ಬೆರಳಿನಿಂದ ಒತ್ತಿ ಮೆಲ್ಲಗೆ ಬಗ್ಗಿಸಿದಳು.

"ಎಳೆ ಅಡ್ಡ ಇಟ್ರೆ ಸುಲಭ ಮಡಚ್ಬೋದಲ್ಲ?" ಎಂದೆ.

"ಮಡಚ್ಬೋದು. ಪಂಪು ನೆಟ್ಟಗೆ ನಿಲ್ಸಿ ಮುಚ್ಚಳ ತಿರುಗ್ಸುವಾಗ ಪಂಪೂ ಜೊತೇಲೇ ತಿರುಗ್ತದೆ. ಎಳೆ ಹೀಗಿದ್ರೆ ಬೆರಳಿನ ಹಂಗೆ ಹಿಡ್ಕಳ್ತದೆ. ಅಡ್ಡ ಹಾಕಿದ್ರೆ ಅಪ್ಪ ಕಿತ್ತು ಬಿಸಾಕ್ತಿದ್ರು."

ಆಮೇಲೆ ನಾನು ಬಟ್ಟೆ ಬಿಚ್ಚಿದೆ. ತೀರ್ಥಹಳ್ಳಿಯ ವೈಸಿನ ದವಡೆಯ ಮೇಲೆ ಎಳೆಗಳು ಅಡ್ಡಡ್ಡ ಹಾದಿದ್ದವು.

ಅಕ್ಕನಿಗೆ ಕಥೆಯೆಲ್ಲ ಹೇಳಿದೆ. ಅವಳು ಆ ಗೆರೆಗಳನ್ನು ಉಗುರಿನಿಂದ ಕೆರೆದು ನೋಡಿದಳು. "ಮೈಲುತುತ್ತ ತಿಂದದ್ದೇ ಹೌದು. ನಮ್ದಲ್ಲ."

"ನಿನ್ ಮದ್ವೆ ಆದ್ಮೇಲೆ ಯಾರು ಹಾಕ್ತಿದ್ರು?"

ಅಕ್ಕ ಉಗುರಿನ ತುಕ್ಕನ್ನು ಸೆರಗಿಗೆ ಒರೆಸಿಕೊಂಡಳು. "ಅದು ನಂಗೆ ಗೊತ್ತಿಲ್ಲ ಕಣೆ. ಅಪ್ಪನೇ ಹಾಕ್ಕಂತಿದ್ರೋ ಏನೋ. ಕೊನೆಕೊನೆಗೆ ಅವರ ಬೆರಳು ಬಗ್ತಿರ್ಲಿಲ್ಲ."

ಬೆರಳು ಬಗ್ಗದ ಅಪ್ಪ ಸುಲಭದ ದಾರಿ ಹಿಡಿದಿರಬಹುದು. ಆ ಸಂದಿಯಲ್ಲಿ ಆಸೆ ನುಸುಳಿತು. ಆದರೆ ಅಷ್ಟು ಬೆಳಕು ನುಸುಳುವ ವೈಸನ್ನು ನಾನು ಕೊಳ್ಳುವುದಿಲ್ಲ. ಇದನ್ನು ಅಪ್ಪನದ್ದು ಎನ್ನಲಾರೆ. ಕಿಟಕಿಯ ಪಕ್ಕದ ಖಾಲಿ ಜಾಗವನ್ನು ನೋಡುತ್ತ ನಿಂತೆ.

"ಮುಖ ಎಂತಕ್ಕೆ ಹಂಗೆ ಮಾಡ್ತೀಯ? ನಮ್ಮಪ್ಪಂದಲ್ದಿದ್ರೆ ಇನ್ಯಾರದ್ದೋ ಅಪ್ಪಂದು. ಕೂರ್ಸು ಅಲ್ಲೇ," ಎಂದಳು ಅಕ್ಕ. "ನಂಗೆ ಕೆಲ್ಸ ಇದೆ."

ಕೆಲಸ ಅವಳ ಚೀಲದಲ್ಲಿತ್ತು. ಹಿತ್ತಾಳೆಯ ದೀಪದ ಕಂಬ. ಕಿಲುಬು ಕಟ್ಟಿ ಅದರ ಮೇಲಿನ ತಟ್ಟೆ ಬಿಚ್ಚಲು ಬರುತ್ತಿರಲಿಲ್ಲ. ಅದಕ್ಕೇ ಬಂದದ್ದಂತೆ, ನನ್ನ ಫೋನಿಗಲ್ಲ! ಇಬ್ಬರೂ ಸೇರಿ ವೈಸನ್ನು ಕಿಟಕಿಯ ಪಕ್ಕ ಕೂರಿಸಿ ಬೋಲ್ಟು ಬಿಗಿದೆವು. ಅಕ್ಕ ಅಡ್ಡಗೆರೆಗಳ ಮೇಲೆ, ಎಳೆ ಮೇಲಿಂದ ಕೆಳಕ್ಕೆ ಬರುವ ಹಾಗೆ, ಹಾಳೆ ಹೊದಿಸಿದಳು. ಕಂಬವನ್ನು ನೆಟ್ಟಗೆ ನಿಲ್ಲಿಸಿ ನಾನು ಹಿಡಿ ತಿರುಗಿಸಿದೆ. ಅವಳು ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ ತಿರುವಿದಳು. ಕಂಬ ಅಲುಗಲಿಲ್ಲ. ತಟ್ಟೆ ಕಿರ್ರೆಂದು ಬಿಟ್ಟುಕೊಂಡಿತು. ಹಿತ್ತಾಳೆಯ ಮೇಲೆ ಒಂದು ಗೀರೂ ಇರಲಿಲ್ಲ.

ಹೊರಡುವ ಮುಂಚೆ ಹಾಳೆಯನ್ನು ತಾನೇ ತೆಗೆದು ಕಿಟಕಿಯ ಮೊಳೆಗೆ ಸಿಕ್ಕಿಸಿ, "ಮಳೆ ಶುರುವಾಗ್ತದೆ, ದವಡೇಲೇ ಬಿಟ್ಟೀಯ ಮತ್ತೆ," ಎಂದಳು.

ಆ ಹಾಳೆ ಈಗ ಒಣಗಿ ಮಡಿಕೆಯ ಆಕಾರದಲ್ಲೇ ಗಟ್ಟಿಯಾಗಿದೆ. ಅಂಚಿನಲ್ಲಿ ಅಕ್ಕನ ಹೆಬ್ಬೆರಳು ಒತ್ತಿದ ತಗ್ಗು ಕಾಣುತ್ತದೆ. ಮೊನ್ನೆ ಇನ್ನೊಂದನ್ನು ನೆನೆಸಿ ನಾನೇ ಮಡಚಿದೆ, ಅಕ್ಕನ ಹಾಗೆ ಎಳೆ ಮೇಲಿಂದ ಕೆಳಕ್ಕಿಟ್ಟು. ಅಂಚಿನಲ್ಲಿ ಸೀಳಿತು. ಮತ್ತೊಂದನ್ನು ಬಕೆಟ್ಟಿಗೆ ಹಾಕಿದ್ದೇನೆ.