ಸೋದರಮಾವ ತಂದ ಗ್ರಾಫಿಕ್ಸ್ ಕಾರ್ಡು

ಎಡಗಡೆಯ ಫ್ಯಾನಿನ ಒಂದು ರೆಕ್ಕೆಯ ಮೇಲೆ ಅರಿಶಿನದ ಗುರುತಿದೆ. ಹೆಬ್ಬೆರಳಿನ ತುದಿಯಷ್ಟು ಅಗಲ. ಅದರ ನಡುವೆ ಕುಂಕುಮದ ಒಂದು ಚುಕ್ಕೆ. ಈಗ ಕಂದು ಬಣ್ಣಕ್ಕೆ ತಿರುಗಿದೆ. ನನ್ನ ಹತ್ತಿರ ಇರುವ ಒಂದು ಹಳೆಯ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಅದು. ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಚಿತ್ರವನ್ನೆಲ್ಲ ಬಿಡಿಸುವ ಭಾಗಕ್ಕೆ ಗ್ರಾಫಿಕ್ಸ್ ಕಾರ್ಡು ಎನ್ನುತ್ತಾರೆ. ಅದು ಚೆನ್ನಾಗಿದ್ದರೆ ಆಟದೊಳಗೆ ಮಳೆ ಮಳೆಯ ಹಾಗೆ ಸುರಿಯುತ್ತದೆ. ಇಲ್ಲದಿದ್ದರೆ ಮಳೆಯೇ ಇರುವುದಿಲ್ಲ.

ಹೊರಮಾವಿನ ಬಾಡಿಗೆ ಮನೆಯಲ್ಲಿ ನಾನು ಈಗ ಆಡುವ ಕಂಪ್ಯೂಟರಿಗೆ ಹೊಸ ಕಾರ್ಡು ಹಾಕಿಸಲೋ ಬೇಡವೋ ಎಂದು ಎರಡು ತಿಂಗಳಿಂದ ಯೋಚಿಸುತ್ತಿದ್ದೇನೆ. ಅದರಲ್ಲಿ ಈಗಿರುವುದು ಬೇರೆ ಕಾರ್ಡು, ಕೆಟ್ಟೇನೂ ಇಲ್ಲ, ಹೊಸ ಆಟಗಳಿಗೆ ಮಾತ್ರ ಏದುಸಿರು ಬಿಡುತ್ತದೆ. ಕಳೆದ ಭಾನುವಾರ ಫೋನಿನಲ್ಲಿ ಮಾತಿಗೆ ಮಾತು ಬಂದು ಅಮ್ಮನಿಗೆ ಇದನ್ನು ಹೇಳಿದೆ. ಅಮ್ಮ ಯೋಚನೆಯನ್ನೇ ಮಾಡಲಿಲ್ಲ.

"ಹೊಸದು ತಗೊಂಡ್ರೆ ಹಳೇದನ್ನ ಅಣ್ಣಂಗೆ ಕೊಟ್ಬಿಡು. ಸುಮ್ನೆ ನಿನ್ ಹತ್ರ ಯಾಕೆ ಬಿದ್ದಿರ್ಬೇಕು?"

ಆಮೇಲೆ ಮಾತಾಡೋಣ ಎಂದು ಫೋನಿಟ್ಟೆ. ಇಷ್ಟು ಚಿಕ್ಕ ಮಾತಿಗೆ ಇಷ್ಟು ದೊಡ್ಡ ಕೋಪ ಎಲ್ಲಿಂದ ಬಂತು ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಅದನ್ನು ಯಾರಿಗೂ ಹೇಳಿಲ್ಲ.

ರಾಮಮೂರ್ತಿ ನಗರದ ನಮ್ಮ ಅಡ್ಡರಸ್ತೆಗೆ ಆಗ ಇನ್ನೂ ಟಾರು ಬಿದ್ದಿರಲಿಲ್ಲ. ಮುಖ್ಯರಸ್ತೆಯ ಸೈಬರ್ ಸೆಂಟರುಗಳು ಒಂದೊಂದಾಗಿ ಜೆರಾಕ್ಸ್ ಅಂಗಡಿಗಳಾಗುತ್ತಿದ್ದವು. ಮಧ್ಯಾಹ್ನ ಕರೆಂಟು ಹೋದರೆ ಬೀದಿಯ ಯುಪಿಎಸ್‌ಗಳೆಲ್ಲ ಒಟ್ಟಿಗೆ ಕೀಂಗುಡುತ್ತಿದ್ದವು. ಆ ಸದ್ದು ಕೇಳಿ ಅರ್ಧ ಊಟ ಬಿಟ್ಟು ಓಡಿಹೋಗಿ ಆಟವನ್ನು ಸೇವ್ ಮಾಡಿದವರು ನಿಮ್ಮಲ್ಲಿದ್ದರೆ, ನಾನು ಯಾವ ದಿನಗಳ ಮಾತಾಡುತ್ತಿದ್ದೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಏಳನೇ ಕ್ಲಾಸಿನ ಪರೀಕ್ಷೆ ಮುಗಿಸಿದ್ದೆ. ಅಣ್ಣ ಮೊದಲನೇ ಪಿಯುಸಿ. ಅವನ ಓದಿಗೆಂದು ಅಪ್ಪ ಗರುಡಾಚಾರ್‌ಪಾಳ್ಯದ ತಮ್ಮ ಫ್ಯಾಕ್ಟರಿಯ ಗೆಳೆಯರೊಬ್ಬರಿಂದ ತಂದಿದ್ದ ಹಳೆಯ ಕಂಪ್ಯೂಟರು ಹಾಲ್‌ನಲ್ಲಿ, ಶೋಕೇಸಿನ ಪಕ್ಕ ಇತ್ತು. ಅದರ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಸ್ಟೀಲ್ ಸ್ಟೂಲು. ಯಾರದು ಯಾವುದು ಎಂದೇನೂ ಇರಲಿಲ್ಲ. ಆಡುವವರಿಗೆ ಕುರ್ಚಿ, ನೋಡುವವರಿಗೆ ಸ್ಟೂಲು. ಕ್ಯಾಬಿನೆಟ್ಟಿನ ಹಿಂದಿನಿಂದ ಬರುತ್ತಿದ್ದ ಬಿಸಿ ಧೂಳಿನ ವಾಸನೆ, ಬೇಕರಿಯ ಆಲೂ ಬನ್ನಿನ ಎಣ್ಣೆ ಹತ್ತಿ ಜಾರುವ ಕೀಬೋರ್ಡು, ಕುರ್ಚಿಗೆ ಅಂಟುವ ಬೆವರು. ಆ ಬೇಸಿಗೆ ಎಂದರೆ ನನಗೆ ಇಷ್ಟೇ.

ಆಡುತ್ತಿದ್ದದ್ದು ಒಂದು ಕಾರ್ ರೇಸು. ನಮ್ಮ ಕಾರ್ಡಿಗೆ ಅದನ್ನು ಎಳೆಯುವ ಶಕ್ತಿ ಇರಲಿಲ್ಲ. ಹಾಗಾಗಿ ಸೆಟ್ಟಿಂಗ್ಸಿನಲ್ಲಿ ಒಂದೊಂದನ್ನೇ ಆಫ್ ಮಾಡುತ್ತ ಬಂದೆವು. ಮೊದಲು ಹುಲ್ಲು ತೆಗೆದೆವು, ಆಮೇಲೆ ಮಳೆ, ಕೊನೆಗೆ ನೆರಳು. ನೆರಳಿಲ್ಲದ ಕಾರು ರಸ್ತೆಗಿಂತ ಒಂದು ಗೇಣು ಮೇಲೆ ತೇಲಿದ ಹಾಗೆ ಕಾಣುತ್ತಿತ್ತು. ಮರಗಳು ರಟ್ಟು ಕತ್ತರಿಸಿ ನಿಲ್ಲಿಸಿದಂತಿದ್ದವು. ಆದರೂ ಆ ಘಾಟಿಯ ತಿರುವುಗಳೆಲ್ಲ ನನಗೆ ಬಾಯಿಪಾಠ. ಕಷ್ಟದ ಸುತ್ತು ಬಂದಾಗ ಅಣ್ಣ ತಾನೇ ಕುರ್ಚಿ ಬಿಟ್ಟು ಏಳುತ್ತಿದ್ದ.

"ಇದು ನೀನೇ ಓಡ್ಸು ಮಗಾ. ನನ್ ಕೈಲಿ ಆಗಲ್ಲ."

"ನಿನ್ ಕೈಲಿ ಯಾವ್ದಾಯ್ತು ಇಲ್ಲೀವರ್ಗೂ?"

"ಏ, ಜಾಸ್ತಿ ಮಾತಾಡ್ಬೇಡ. ಬ್ರೇಕ್ ಹಿಡಿ, ಬ್ರೇಕು..."

ತನ್ನ ಗೆಳೆಯರನ್ನು ಕರೆಯುವ ಹಾಗೆಯೇ ನನ್ನನ್ನೂ ಮಗಾ ಎನ್ನುತ್ತಿದ್ದ. ಅದು ನನಗೆ ಎಷ್ಟು ಇಷ್ಟವಾಗುತ್ತಿತ್ತು ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಕಾರ್ಡು ಬದಲಾಯಿಸಬೇಕು ಎಂದು ಇಬ್ಬರೂ ಹೇಳುತ್ತಿದ್ದೆವು. ಯಾವುದು ಎಂದು ಹುಡುಕಿದವಳು ನಾನು. ಕ್ಯಾಬಿನೆಟ್ಟಿನ ಪಕ್ಕದ ಹಲಗೆ ಬಿಚ್ಚಿ, ಒಳಗೆ ಸ್ಕೇಲು ಹಿಡಿದು ಜಾಗ ಅಳೆದೆ. ಕರೆಂಟು ಹಂಚುವ ಡಬ್ಬಿಯಿಂದ ಆರು ಪಿನ್ನಿನ ವೈರು ಒಂದೇ ಬರುತ್ತಿತ್ತು. ಎಂಟು ಪಿನ್ನು ಕೇಳುವ ಕಾರ್ಡು ತಂದರೆ ದಂಡ. ಹಾರ್ಡ್ ಡಿಸ್ಕಿಗೆ ತಾಗದೆ ಕೂರುವ, ಆರು ಪಿನ್ನಿನಲ್ಲೇ ಓಡುವ, ನೆರಳನ್ನೂ ಮಳೆಯನ್ನೂ ಎಳೆಯಬಲ್ಲ ಕಾರ್ಡು ಒಂದೇ ಒಂದು ಸಿಕ್ಕಿತು. ಅಪ್ಪನನ್ನು ಕೇಳಿದೆವು. "ಓದೋ ಕಂಪ್ಯೂಟರಿಗೆ ನೆರಳ್ಯಾಕ್ರೋ?" ಎಂದರು. ಮಾತು ಅಲ್ಲಿಗೆ ನಿಂತಿತು.

ಮೇ ತಿಂಗಳಲ್ಲಿ ನಾನು ದೊಡ್ಡವಳಾದೆ. ನಮ್ಮಲ್ಲಿ ಹಾಗೇ ಹೇಳುವುದು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ. ಸುತ್ತಲಿನವರು ಮಾಡಿದ್ದನ್ನು ಮಾತ್ರ ಬರೆಯುತ್ತೇನೆ.

ಒಳಕೋಣೆಯ ಮೂಲೆಗೆ ತೆಂಗಿನ ಗರಿ ಒರಗಿಸಿ ಅದನ್ನೇ ಗುಡ್ಲು ಎಂದರು. ಅದರ ಕೆಳಗೆ ಚಾಪೆ, ನನಗೆಂದೇ ಬೇರೆ ತಟ್ಟೆ, ಬೇರೆ ಲೋಟ. ಹೊತ್ತುಹೊತ್ತಿಗೆ ಕೊಬ್ಬರಿ, ಬೆಲ್ಲ, ತುಪ್ಪ, ಎಳ್ಳು ಬೆಲ್ಲ ಸೇರಿಸಿ ಕುಟ್ಟಿದ ಚಿಗಳಿ. ಆರತಿಯ ದಿನದವರೆಗೆ ಮನೆಯ ಯಾವ ವಸ್ತುವನ್ನೂ ಮುಟ್ಟುವ ಹಾಗಿಲ್ಲ. ಗೋಡೆಯಾಚೆ ಅಣ್ಣ ಆಡುತ್ತಿದ್ದ. ಕಾರಿನ ಸದ್ದಿನಲ್ಲೇ ಅದು ಯಾವ ತಿರುವೆಂದು ನನಗೆ ಗೊತ್ತಾಗುತ್ತಿತ್ತು. ಸೇತುವೆಯ ನಂತರದ ತಿರುವಿನಲ್ಲಿ ಅವನು ಪ್ರತಿ ಸಲವೂ ಬ್ರೇಕನ್ನು ತಡವಾಗಿ ಹಿಡಿಯುತ್ತಿದ್ದ. ಕೂತಲ್ಲಿಂದಲೇ ಕೂಗಿದರೆ ಅಮ್ಮ ಬಾಗಿಲಲ್ಲಿ ತಲೆಹಾಕುತ್ತಿದ್ದಳು. "ಸುಮ್ನೆ ಕೂತ್ಕೊಳೇ. ಇನ್ನೂ ಹುಡುಗಾಟ ಇವಳದು."

ಗರಿ ತಂದವರು ಸೀನು ಮಾವ, ಅಮ್ಮನ ತಮ್ಮ. ಹಲಸೂರಿನಲ್ಲಿ ಮಿಕ್ಸಿ, ಫ್ಯಾನು ರಿಪೇರಿಯ ಅಂಗಡಿ ಇಟ್ಟಿದ್ದರು. ಗುಡ್ಲು ಹಾಕುವುದು, ಆರತಿಗೆ ಸೀರೆ, ಬಳೆ, ಉಡುಗೊರೆ ತರುವುದು ಎಲ್ಲ ಸೋದರಮಾವನ ಪಾಲಿನದು. ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತು ಕೇಳಿದರು.

"ಏನ್ ತರ್ಲಿ ಪುಟ್ಟಿ? ಓಲೇನಾ, ವಾಚಾ? ನಾಚ್ಕೋಬೇಡ, ಕೇಳು."

"ಗ್ರಾಫಿಕ್ಸ್ ಕಾರ್ಡು."

"ಅದ್ಯಾವ್ ಕಾರ್ಡಮ್ಮ? ರೇಷನ್ ಕಾರ್ಡ್ ಥರದ್ದಾ?"

"ಕಂಪ್ಯೂಟರಿಗೆ ಹಾಕೋದು ಮಾವ. ಆರು ಪಿನ್ನಿಂದು. ಎಂಟು ಪಿನ್ನಿಂದು ಕೊಟ್ರೆ ವಾಪಸ್ ಕೊಟ್ಬಿಡಿ."

ಮಾವ ನಗುವುದನ್ನು ನಿಲ್ಲಿಸಿ ಮೊಬೈಲು ತೆಗೆದರು. ನಾನು ಹೇಳಿದ ಹೆಸರನ್ನು ಟೈಪು ಮಾಡಿಕೊಂಡು, ಸರಿಯೇ ಎಂದು ಎರಡು ಸಲ ಓದಿ ಹೇಳಿದರು. ಅಷ್ಟು ದಿನಗಳಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡವರು ಅವರೊಬ್ಬರೇ.

ಆರತಿಯ ದಿನ ನನ್ನನ್ನು ಮಣೆಯ ಮೇಲೆ ಕೂರಿಸಿದ್ದರು. ಎದುರಿಗೆ ಮಾವನ ಮನೆಯ ತಟ್ಟೆಗಳು. ಹಸಿರು ಸೀರೆ, ಬಳೆ, ಮಲ್ಲಿಗೆ, ಹಣ್ಣು. ಕೊನೆಯ ತಟ್ಟೆಯಲ್ಲಿ ವೀಳ್ಯದೆಲೆಯ ಮೇಲೆ ಕಾರ್ಡು. ತಟ್ಟೆಯಲ್ಲಿ ಇಟ್ಟದ್ದು ನಾಲ್ಕು ಜನಕ್ಕೆ ಕಾಣಬೇಕಲ್ಲ, ಯಾರೋ ಅದನ್ನು ಪೆಟ್ಟಿಗೆಯಿಂದಲೂ ಅದರ ಬೆಳ್ಳಿ ಬಣ್ಣದ ಚೀಲದಿಂದಲೂ ಹೊರತೆಗೆದು ಮಲಗಿಸಿದ್ದರು. ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ಬಗ್ಗಿ ನೋಡಿದರು.

"ಏನ್ ಸೀನಾ, ಅಂಗಡಿಗೆ ರಿಪೇರಿಗ್ ಬಂದಿದ್ ಫ್ಯಾನ್ ಎತ್ಕೊಂಡ್ ಬಂದ್ಬಿಟ್ಯಾ?"

"ಡಬಲ್ ಫ್ಯಾನು ಅಕ್ಕ. ನಮ್ ಪುಟ್ಟಿಗೆ ಸೆಕೆ ಆಗ್ಬಾರ್ದು ನೋಡಿ."

ಹೆಂಗಸರೆಲ್ಲ ನಕ್ಕರು. ದೊಡ್ಡತ್ತೆ ಅರಿಶಿನದ ಬಟ್ಟಲಿಗೆ ಹೆಬ್ಬೆರಳು ಅದ್ದಿ ಸೀರೆಯ ಅಂಚಿಗೆ ಹಚ್ಚಿದರು, ಹಣ್ಣಿಗೆ ಹಚ್ಚಿದರು, ಆಮೇಲೆ ಕಾರ್ಡಿನ ಕಡೆ ಕೈ ನೀಡಿದರು.

"ಅದಕ್ಕೆ ಬೇಡ ಅತ್ತೆ, ಫ್ಯಾನು ಹಾಳಾಗುತ್ತೆ."

"ಮಣೆ ಮೇಲೆ ಕೂತೋಳು ಮಾತಾಡ್ಬಾರ್ದು. ತಲೆ ತಗ್ಗಿಸು."

ತಲೆ ತಗ್ಗಿಸಿದೆ. ಫ್ಯಾನಿಗೆ ಅರಿಶಿನ ಕುಂಕುಮ ಆಯಿತು. ಆದರೂ ಅವತ್ತು ಊಟದ ಹೊತ್ತಿನವರೆಗೆ ಆ ಮನೆಯಲ್ಲಿ ನನ್ನಷ್ಟು ಸಂತೋಷವಾಗಿದ್ದವರು ಇನ್ನೊಬ್ಬರಿರಲಿಲ್ಲ.

ಊಟವಾದ ಮೇಲೆ ಸೀರೆ ಬದಲಾಯಿಸಿ ಹಾಲ್‌ಗೆ ಬಂದರೆ ಶೋಕೇಸಿನ ಪಕ್ಕ ಖಾಲಿ. ಮಾನಿಟರು ಇದ್ದ ಕಡೆ ಗೋಡೆಯ ಬಣ್ಣ ಮಾಸದೆ ಚೌಕವಾಗಿ ಉಳಿದಿತ್ತು. ಸ್ಟೂಲಿನ ಮೇಲೆ ಯಾರೋ ತಾಂಬೂಲದ ಚೀಲಗಳನ್ನು ಪೇರಿಸಿದ್ದರು. ಕಂಪ್ಯೂಟರನ್ನು ತಾರಸಿಯ ಶೀಟಿನ ಕೋಣೆಗೆ ಸಾಗಿಸಿ ಆಗಿತ್ತು.

"ಅಣ್ಣನ ಫ್ರೆಂಡ್ಸು ಬರ್ತಾರೆ, ಹೋಗ್ತಾರೆ," ಎಂದಳು ಅಮ್ಮ. "ಮನೇಲಿ ದೊಡ್ಡ ಹುಡುಗಿ ಇದ್ದಾಳೆ. ಹಾಲ್‌ನಲ್ಲಿ ಗಂಡು ಹುಡುಗ್ರು ಕೂತಿದ್ರೆ ಚೆನ್ನಾಗಿರಲ್ಲ. ಮೇಲೇ ಇರ್ಲಿ."

"ಮತ್ತೆ ನಾನು?"

"ನೀನ್ಯಾಕೆ ಮೇಲೆ ಹೋಗ್ತೀಯಾ?"

"ಕಾರ್ಡು ನಂದು."

"ನಿಂದೇ ಕಣೆ. ಯಾರ್ ಇಲ್ಲ ಅಂದ್ರು? ಅವನ ಹತ್ರ ಇರುತ್ತೆ, ಅಷ್ಟೆ."

ಮಾವನನ್ನು ನೋಡಿದೆ. ಅವರು ಎಲೆಗೆ ಸುಣ್ಣ ಸವರುತ್ತ, "ಅಕ್ಕ ಹೇಳಿದ್ ಮೇಲೆ ಆಯ್ತು ಬಿಡಮ್ಮ," ಎಂದರು. ಕಾರ್ಡಿನ ಹೆಸರನ್ನು ಎರಡು ಸಲ ಓದಿ ಹೇಳಿದ್ದ ಬಾಯಿ ಅದೇ. ಅಪ್ಪ ಅಡಿಗೆಯವರ ಜೊತೆ ಮಾತಾಡುತ್ತಿದ್ದರು. ಯಾರೂ ಗದರಲಿಲ್ಲ. ಗದರಿದ್ದರೆ ತಿರುಗಿ ಬೀಳಬಹುದಿತ್ತು. ಎಲ್ಲರೂ ನಗುತ್ತ, ಹೂವು ಮುಡಿಸಿದ ತಲೆ ಸವರುತ್ತ, ನಿಂದೇ ಎನ್ನುತ್ತಲೇ ಕಿತ್ತುಕೊಂಡರು. ಹಾಗೆ ಕಿತ್ತುಕೊಂಡವರ ಮೇಲೆ ಹನ್ನೆರಡು ವರ್ಷದ ಹುಡುಗಿ ಹೇಗೆ ಜಗಳಕ್ಕೆ ಹೋಗಬೇಕು ಎಂದು ಈಗಲೂ ನನಗೆ ಗೊತ್ತಿಲ್ಲ.

ಸಂಜೆ ತಾರಸಿಯಿಂದ ಅಣ್ಣನ ಕೂಗು ಶುರುವಾಯಿತು. ಅವನಿಗೆ ಕಾರ್ಡು ಕೂರಿಸಲು ಬರುತ್ತಿರಲಿಲ್ಲ. ನಾನು ಮೆಟ್ಟಿಲ ಬುಡದಲ್ಲಿ ನಿಂತು ಹೇಳಬೇಕು, ಅವನು ಮೇಲೆ ಮಾಡಬೇಕು.

"ಕೂರ್ತಾ ಇಲ್ಲ ಕಣೇ!"

"ಹಳೇ ಕಾರ್ಡ್ ತೆಗೆದ್ಯಲ್ಲ, ಅದರ ಪಕ್ಕದ ಪಟ್ಟೀನೂ ಬಿಚ್ಚು. ಟಕ್ ಅನ್ನೋವರೆಗೂ ಒತ್ತು."

"ಟಕ್ ಅಂತು. ವೈರು?"

"ಆರು ಪಿನ್ನಿಂದು. ಒಂದೇ ಇರೋದು."

"ಫ್ಯಾನ್ ತಿರುಗ್ತಿದೆ. ಸ್ಕ್ರೀನು ಕಪ್ಪು."

ತಕ್ಷಣ ಗೊತ್ತಾಯಿತು. ಮಾನಿಟರಿನ ವೈರನ್ನು ಕಾರ್ಡಿಗೆ ಚುಚ್ಚದೆ, ಅದರ ಮೇಲೆ ಬೋರ್ಡಿನಲ್ಲೇ ಇರುವ ಇನ್ನೊಂದು ಕಿಂಡಿಗೆ ಚುಚ್ಚಿದ್ದಾನೆ. ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಹೇಳಲಿಲ್ಲ.

"ಹೇಳೇ, ಪಾಪ ಒದ್ದಾಡ್ತಿದ್ದಾನೆ," ಎಂದಳು ಅಮ್ಮ.

"ನೋಡ್ದೆ ಹೇಗೆ ಹೇಳ್ಲಿ?"

ಅಪ್ಪ ಮಧ್ಯೆ ಬಂದರು. "ಐದ್ ನಿಮಿಷ ಹೋಗ್ಬರ್ಲಿ ಬಿಡೆ."

ಮೇಲೆ ಸ್ಟೂಲು ಇರಲಿಲ್ಲ. ಅಣ್ಣ ಕುರ್ಚಿಯಲ್ಲಿದ್ದ. ನಾನು ಬಗ್ಗಿ ವೈರು ಬದಲಾಯಿಸಿದೆ, ಪರದೆ ಬಂತು. ಅವನ ಭುಜದ ಹಿಂದೆ ನಿಂತು, "ನೆರಳು ಹಾಕು, ಮಳೆ ಹಾಕು," ಎಂದೆ. ಹಾಕಿದ. ಘಾಟಿಯ ಮೇಲೆ ಮಳೆ ಹೊಯ್ಯುತ್ತಿತ್ತು. ಒದ್ದೆ ರಸ್ತೆಯಲ್ಲಿ ದೀಪಗಳು ಉದ್ದಕ್ಕೆ ಹರಿದಿದ್ದವು. ಕಾರಿನ ಕೆಳಗೆ ಕಪ್ಪನೆಯ ನೆರಳು ಬಿದ್ದಿತ್ತು. ಆ ಬೇಸಿಗೆಯಲ್ಲಿ ಮೊದಲ ಸಲ ನಮ್ಮ ಕಾರು ನೆಲದ ಮೇಲೆ ನಿಂತಿತ್ತು.

"ಒಂದ್ ರೌಂಡು ಕೊಡು."

"ಆಮೇಲೆ," ಎಂದ ಅಣ್ಣ. ತಿರುಗಿ ನೋಡಲಿಲ್ಲ. ಮಗಾ ಎನ್ನಲಿಲ್ಲ.

ಕೆಳಗಿನಿಂದ ಅಮ್ಮ ಕರೆದಳು. "ಸಾಕು, ಇಳಿದ್ ಬಾರೇ."

ಇಳಿದು ಬಂದೆ.

ಆಮೇಲೆ ಅಣ್ಣ ನನ್ನನ್ನು ಒಮ್ಮೆಯೂ ಮಗಾ ಎಂದು ಕರೆದಿಲ್ಲ. ಈಗ ಹೆಸರು ಹಿಡಿದು ಕರೆಯುತ್ತಾನೆ, ಮರ್ಯಾದೆಯಿಂದ ಮಾತಾಡಿಸುತ್ತಾನೆ, ಹಬ್ಬಕ್ಕೆ ಫೋನು ಮಾಡುತ್ತಾನೆ. ನನ್ನ ಮನೆಯ ಬಾಗಿಲಿಗೆ ನನ್ನದೇ ಚಿಲಕವಿದೆ, ಕುರ್ಚಿಯಿಂದ ಏಳು ಎನ್ನುವವರಿಲ್ಲ. ಆಟದಲ್ಲಿ ನೆರಳು, ಮಳೆ, ಹುಲ್ಲಿನ ಒಂದೊಂದು ಎಸಳೂ ಕಾಣುತ್ತದೆ. ಪಕ್ಕದಲ್ಲಿ ಸ್ಟೂಲಿಲ್ಲ. ಬ್ರೇಕ್ ಹಿಡಿ ಎಂದು ಕಿವಿಯ ಹತ್ತಿರ ಕೂಗುವವರಿಲ್ಲ. ಅರಿಶಿನ ಹತ್ತಿದ ಈ ಕಾರ್ಡು ತನ್ನ ಆಯಸ್ಸಿನಲ್ಲಿ ಓಡಿದ್ದು ಅದೊಂದೇ ಸಂಜೆ. ಇವತ್ತಿನ ಯಾವ ಆಟವನ್ನೂ ಅದು ಎಳೆಯಲಾರದು. ಹೊಸ ಕಾರ್ಡು ಎಷ್ಟು ಒಳ್ಳೆಯದನ್ನು ತಂದರೂ ಆ ಬೇಸಿಗೆಯ ಉಳಿದ ಅರ್ಧ ನನಗೆ ಸಿಗುವುದಿಲ್ಲ. ಹೊಸದನ್ನು ಕೊಳ್ಳುತ್ತೇನೋ ಇಲ್ಲವೋ, ಈಗ ಕಂಪ್ಯೂಟರಿನಲ್ಲಿರುವುದನ್ನು ಅಣ್ಣನಿಗೆ ಕೊಡುವುದಿಲ್ಲ. ಅಷ್ಟು ಮಾತ್ರ ನಿರ್ಧಾರವಾಗಿದೆ. ಅಮ್ಮ ಇದಕ್ಕೂ ಹಠ ಎನ್ನುತ್ತಾಳೆ. ಆರತಿಯ ಮರುದಿನ ನಾನು ಮಾಡಿದ್ದನ್ನೂ ಹಠ ಎಂದೇ ಕರೆದಿದ್ದಳು.

ಆ ಬೆಳಿಗ್ಗೆ ಅಪ್ಪ ಫಸ್ಟ್ ಶಿಫ್ಟಿಗೆ ಹೋಗಿದ್ದರು. ಅಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದಳು. ಶೀಟಿನ ಸೆಕೆ ತಾಳದೆ ಅಣ್ಣ ಹೊರಗೆ ತಾರಸಿಯಲ್ಲಿ ಚಾಪೆ ಹಾಸಿ ಮಲಗಿದ್ದ. ಅವನನ್ನು ದಾಟಿಕೊಂಡು ಕೋಣೆಗೆ ಹೋದೆ. ಸ್ವಿಚ್ಚು ಆರಿಸಿ, ಹಲಗೆ ತೆಗೆದು, ಎರಡು ಸ್ಕ್ರೂ ಬಿಚ್ಚಿ, ಕಾರ್ಡನ್ನು ನೇರವಾಗಿ ಮೇಲೆತ್ತಿದೆ. ಅದರ ಜಾಗಕ್ಕೆ ಹಳೆಯ ಕಾರ್ಡನ್ನು ಕ್ರಮವಾಗಿ ಕೂರಿಸಿ, ಮಾನಿಟರಿನ ವೈರನ್ನೂ ಸರಿಯಾದ ಕಡೆಗೇ ಚುಚ್ಚಿದೆ. ಕೆಳಗೆ ಬಂದು ನನ್ನ ಕಾರ್ಡನ್ನು ಹಸಿರು ಸೀರೆಯ ಮಡಿಕೆಯೊಳಗಿಟ್ಟು ಬೀರುವಿಗೆ ಬೀಗ ಹಾಕಿದೆ. ಉಳಿದಿದ್ದ ಚಿಗಳಿಯನ್ನು ತಟ್ಟೆಗೆ ಹಾಕಿಕೊಂಡು ತಿನ್ನಲು ಕೂತೆ.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೂಗು ಬಂತು. "ಅಮ್ಮಾ, ನೆರಳೇ ಬರ್ತಿಲ್ಲ! ಕಾರ್ಡ್ ಎಲ್ಲಿ ಕೇಳು ಅವಳನ್ನ!"

ಅಮ್ಮ ಒದ್ದೆ ಕೈಯಲ್ಲೇ ಒಳಗೆ ಬಂದು ನನ್ನ ಮುಂದೆ ನಿಂತಳು.

"ಎಲ್ಲೇ ಅದು? ಅಣ್ಣ ಕೇಳ್ತಿದ್ದಾನೆ."

ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ನುಂಗಿದೆ.

"ಅಣ್ಣಂದೇ ಅಮ್ಮ. ಯಾರ್ ಇಲ್ಲ ಅಂದ್ರು? ನನ್ ಹತ್ರ ಇರುತ್ತೆ, ಅಷ್ಟೆ."